ಕುರಿ ನೋಡುವ ಮೊದಲು ಅಡವಿ ನೋಡು

ತಂಗಿ,

ಪಶುಸಂಗೋಪನೆ ಡಿಪ್ಲೊಮಾಕ್ಕೆ ಅರ್ಜಿ ಹಾಕಲೋ ಬೇಡವೋ ಎಂದು ಕೇಳಿದ್ದೀಯ. ಹಾಕು. ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷದ ಓದು. ಬೀದರಿನ ಪಶು ವಿಶ್ವವಿದ್ಯಾಲಯದ ಪಾಲಿಟೆಕ್ನಿಕ್‌ಗಳು ತಿಪಟೂರಿನ ಕೊನೇಹಳ್ಳಿ, ಹಾವೇರಿ ಕಡೆಯ ಶಿಗ್ಗಾವಿಯಲ್ಲಿವೆ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ಡಿಪ್ಲೊಮಾದವರು ನೋಂದಾಯಿತ ವೈದ್ಯರ ಮೇಲ್ವಿಚಾರಣೆಯಲ್ಲೇ ಲಸಿಕೆ, ಗಾಯದ ಆರೈಕೆ, ಪ್ರಥಮ ಚಿಕಿತ್ಸೆ ಮಾಡಬೇಕು. ಅದನ್ನು ಸಣ್ಣ ಕೆಲಸ ಅಂದುಕೊಳ್ಳಬೇಡ. ಜಾನುವಾರುಗಳ ದೊಡ್ಡರೋಗ ಭೂಮಿಯಿಂದಲೇ ತೊಲಗಿತೆಂದು 2011ರಲ್ಲಿ ಸಾರಿದರು. ಊರೂರು ತಿರುಗಿ ಲಸಿಕೆ ಹಾಕಿದವರಿಲ್ಲದೆ ಅದು ಆಗುತ್ತಿರಲಿಲ್ಲ.

ಈಗ ನಿನಗೆ ಹೇಳಲೇಬೇಕಾದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ನಮ್ಮ ಈ ಐದೂ ತಾಲೂಕು ಮಳೆ ಕಡಿಮೆಯ ಸೀಮೆ. ಇಲ್ಲಿ ಬಹಳಷ್ಟು ಬೇನೆಗಳು ಕುರಿ ಮೇಯ್ದ ನೆಲದಲ್ಲೇ ಹುಟ್ಟುತ್ತವೆ. ಕರುಳುಬೇನೆಯನ್ನೇ ನೋಡು. ಬೇಸಿಗೆಯಿಡೀ ಒಣಮೇವು ತಿಂದ ಕುರಿ, ಮುಂಗಾರು ಬಿದ್ದು ಹುಲ್ಲು ಚಿಗುರಿದೊಡನೆ ಮುಗಿಬಿದ್ದು ಮೇಯುತ್ತದೆ. ಕರುಳಿನಲ್ಲಿ ಮೊದಲೇ ಇದ್ದ ಸೂಕ್ಷ್ಮಾಣು ಒಮ್ಮೆಲೇ ಹೆಚ್ಚಿ ವಿಷ ಕಾರುತ್ತದೆ. ಸಂಜೆ ಗಟ್ಟಿಮುಟ್ಟಾಗಿದ್ದ ಕುರಿ ಬೆಳಿಗ್ಗೆ ರೊಪ್ಪದಲ್ಲಿ ಸತ್ತಿರುತ್ತದೆ. ಆಗ ಸೂಜಿ ಹಿಡಿದು ಓಡಿದರೆ ಏನೂ ಉಳಿಯದು. ಲಸಿಕೆ ಮಳೆಗೆ ಮುಂಚೆಯೇ ಆಗಿರಬೇಕು. ಮಳೆ ಕೈಕೊಟ್ಟಾಗ ಬಾಡಿದ ಎಳೆ ಜೋಳವೂ ಹಾಗೆಯೇ. ಅದರಲ್ಲಿ ಸೈನೈಡ್ ವಿಷ ಕಟ್ಟಿರುತ್ತದೆ, ನುಗ್ಗಿ ಮೇಯ್ದ ಎತ್ತು ಸ್ವಲ್ಪ ಹೊತ್ತಿನಲ್ಲೇ ಕುಸಿಯುತ್ತದೆ. ನೀಲಿ ನಾಲಿಗೆ ರೋಗ ತರುವ ನುಸಿ ಹುಟ್ಟುವುದು ಒದ್ದೆ ನೆಲದಲ್ಲಿ. ಅದಕ್ಕೇ ರೋಗದ ಜೊತೆಗೆ ನೆಲವನ್ನೂ ಓದು ಎನ್ನುತ್ತೇನೆ.

ಆ ನೆಲವೂ ಕೈತಪ್ಪುತ್ತಿದೆ. ಕಂದಾಯ ನಿಯಮದ ಪ್ರಕಾರ ನೂರು ದನಕ್ಕೆ 12 ಹೆಕ್ಟೇರು, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಿನ್ನ ಊರಲ್ಲಿ ಎಷ್ಟಿದೆ, ಪಂಚಾಯಿತಿಯಲ್ಲಿ ಕೇಳು. ಉಳಿದದ್ದರಲ್ಲೂ ಬಳ್ಳಾರಿ ಜಾಲಿ ಹಬ್ಬುತ್ತಿದೆ. ಅದರ ಸಿಹಿಕಾಯಿ ತಿಂದ ಆಡು, ಕುರಿ, ದನಗಳ ಹಿಕ್ಕೆ ಸಗಣಿಯಲ್ಲಿ ಬೀಜ ಹೊರಬಂದು ಹೊಸ ಜಾಗದಲ್ಲಿ ಮೊಳೆಯುತ್ತದೆ. ಮೇಲೆ ಕಡಿದರೆ ಮತ್ತೆ ಚಿಗುರುತ್ತದೆ, ಬುಡಸಮೇತ ಕಿತ್ತರಷ್ಟೇ ಗೆಲುವು. ಕಾವಲಿನ ಒಂದು ಭಾಗಕ್ಕೆ ಮಳೆಗಾಲದಲ್ಲಿ ದನ ಬಿಡದಿದ್ದರೆ ಹುಲ್ಲು ಬೀಜ ಉದುರಿಸಿ ತಾನೇ ಚೇತರಿಸಿಕೊಳ್ಳುತ್ತದೆ. ಧಾರವಾಡದಲ್ಲಿ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ರಜೆ ಸಿಕ್ಕಾಗ ಹೋಗಿ ನೋಡಿ ಬಾ.

ಪುಸ್ತಕದಲ್ಲಿ ಸಿಗದ್ದನ್ನು ಹಟ್ಟಿಯಲ್ಲಿ ಕೇಳಿ ತಿಳಿ. ಮೈಲಾರಕ್ಕೆ ನಡೆದುಕೊಳ್ಳುವ ಕುರಿಗಾಹಿಗಳು, ಕೂಡ್ಲಿಗಿ ಕಡೆ ದೇವರ ಎತ್ತು ಕಾಯುವ ಮ್ಯಾಸಬೇಡರ ಕಿಲಾರಿಗಳು, ಯಾವ ತಿಂಗಳು ಯಾವ ಗುಡ್ಡದ ಹುಲ್ಲು ಹದ ಎಂಬುದನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲರು. ಅವರನ್ನು ಮೊದಲು ಕೇಳು, ಆಮೇಲೆ ಔಷಧಿ ಪೆಟ್ಟಿಗೆ ತೆಗೆ. ಹೆಣ್ಣುಮಗಳಿಗೆ ಈ ಕೆಲಸ ಯಾಕೆ ಎನ್ನುವವರ ಮಾತಿಗೆ ಕಿವಿಗೊಡಬೇಡ. ಮನೆಯ ಎಮ್ಮೆ, ಆಡು, ಎಳೆಮರಿಗಳನ್ನು ಸಾಕುವವರು ಹೆಚ್ಚಾಗಿ ಹೆಂಗಸರೇ. ಮರಿ ಹಾಲು ಕುಡಿಯದ್ದನ್ನು ಮೊದಲು ಗುರುತಿಸುವವರೂ ಅವರೇ. ನಿನ್ನ ಹತ್ತಿರ ಬಿಚ್ಚಿ ಮಾತಾಡುತ್ತಾರೆ.

2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲು ಮತ್ತು ಪಶುಪಾಲಕರ ವರ್ಷವೆಂದು ಸಾರಿದೆ. ನಮ್ಮ ಹಟ್ಟಿಯವರೂ ಅಂಥ ಪಶುಪಾಲಕರೇ. ಅದಕ್ಕೇ ನನ್ನ ಕೇಳಿಕೆ ಇಷ್ಟೇ: ಓದು ಮುಗಿಸಿ ನಮ್ಮ ಸೀಮೆಗೇ ವಾಪಸು ಬಾ, ಮುಂಗಾರಿಗೆ ಮುಂಚೆ ಹಟ್ಟಿಗಳಿಗೆ ಲಸಿಕೆ ತಲುಪಿಸು.