ಪರದೇಶಗಳಿಗೆ ಅಂಚೆಯ ಮೂಲಕ ಮಾರುವ ಸರಕುಗಳ ನಿರಪಾಯತೆ

ಹಿಂದೆ ರೈತನು ತನ್ನ ಸರಕನ್ನು ಸಂತೆಗೆ ಒಯ್ದು, ಕೊಳ್ಳುವವನ ಕಣ್ಣೆದುರಿನಲ್ಲಿಯೇ ಅಳೆದು ಕೊಡುತ್ತಿದ್ದನು. ಅದರಲ್ಲಿ ದೋಷವಿದ್ದರೆ ಮುಂದಿನ ಸಂತೆಯಲ್ಲಿ ವಿಚಾರಣೆಯಾಗುತ್ತಿದ್ದಿತು. ಈಗ ಬ್ಯಾಡಗಿ ಮೆಣಸಿನಕಾಯಿಯ ಪುಡಿಯೂ, ಅಡಿಕೆ ಹಾಳೆಯ ತಟ್ಟೆಯೂ, ಚನ್ನಪಟ್ಟಣದ ಗೊಂಬೆಯೂ ಅಂತರ್ಜಾಲದ ಅಂಗಡಿಗಳಲ್ಲಿ ಮಾರಾಟವಾಗಿ ಸಮುದ್ರವನ್ನು ದಾಟುತ್ತಿವೆ. ಅಂಚೆ ಇಲಾಖೆಯವರು 2022ರಿಂದ ಡಾಕ್ ಘರ್ ನಿರ್ಯಾತ ಕೇಂದ್ರಗಳನ್ನು ತೆರೆದಿರುವುದರಿಂದ ಸಣ್ಣ ವ್ಯಾಪಾರಿಗೂ ಈ ಮಾರ್ಗವು ಸುಲಭವಾಗಿದೆ. ಆದರೆ ರವಾನೆಯು ಸುಲಭವಾದ ಮಾತ್ರಕ್ಕೆ ಹೊಣೆಯು ಹಗುರವಾಗುವುದಿಲ್ಲ. ಸರಕು ಯಾವ ದೇಶದಲ್ಲಿ ಬಳಕೆಯಾಗುವುದೋ ಆ ದೇಶದ ಕಾನೂನೇ ಅದಕ್ಕೆ ಅನ್ವಯಿಸುವುದು. ಕಟ್ಟು ಚಿಕ್ಕದು, ಮಾರುವವನು ಬಡವನು ಎಂಬುದು ಅಲ್ಲಿ ಸಮಾಧಾನವಾಗಲಾರದು.

ಯೂರೋಪಿನ ನಿಬಂಧನೆ

ಯೂರೋಪಿಯನ್ ಒಕ್ಕೂಟದವರು 2023ರಲ್ಲಿ ರಚಿಸಿದ ಸಾಮಾನ್ಯ ಸರಕುಗಳ ನಿರಪಾಯತೆಯ ನಿಬಂಧನೆಯು 2024ರ ಡಿಸೆಂಬರ್ 13ರಿಂದ ಜಾರಿಗೆ ಬಂದಿದೆ. ಆಹಾರ ಪದಾರ್ಥಗಳಿಗೆ ಬೇರೆ ಕಾನೂನುಗಳಿವೆ. ಬುಟ್ಟಿ, ಚಾಪೆ, ಮರದ ಸಾಮಾನು ಮೊದಲಾಗಿ ಮನೆಬಳಕೆಯ ಸರಕುಗಳನ್ನು ಅಂತರ್ಜಾಲದಲ್ಲಿ ಆ ದೇಶಗಳ ಜನರಿಗೆ ಮಾರಲಿಚ್ಛಿಸುವವರು ಈ ಮುಂದಿನ ಅಂಶಗಳನ್ನು ಅವಶ್ಯವಾಗಿ ಪಾಲಿಸತಕ್ಕದ್ದು.

1. ಆ ಒಕ್ಕೂಟದೊಳಗೆ ನೆಲೆಸಿರುವ ಜವಾಬ್ದಾರ ವ್ಯಕ್ತಿಯೊಬ್ಬನು ಇರಬೇಕು. ಆಮದುದಾರನಾಗಲಿ, ಲಿಖಿತ ಅಧಿಕಾರ ಪಡೆದ ಪ್ರತಿನಿಧಿಯಾಗಲಿ ಈ ಹೊಣೆಯನ್ನು ಹೊರಬಹುದು. ಇಂತಹವನಿಲ್ಲದ ಸರಕನ್ನು ಅಲ್ಲಿ ಮಾರಲಾಗದು.

2. ತಯಾರಿಸಿದವನ ಹೆಸರು, ಅಂಚೆ ವಿಳಾಸ ಮತ್ತು ಈಮೇಲ್ ವಿಳಾಸವೂ, ಜವಾಬ್ದಾರ ವ್ಯಕ್ತಿಯ ವಿಳಾಸವೂ, ಸರಕಿನ ಚಿತ್ರವೂ, ಗುರುತೂ, ಎಚ್ಚರಿಕೆಯ ಮಾತುಗಳೂ ಮಾರಾಟದ ಪ್ರಕಟಣೆಯಲ್ಲಿಯೇ ಕಾಣಬೇಕು. ಎಚ್ಚರಿಕೆಗಳು ಕೊಳ್ಳುವವರಿಗೆ ತಿಳಿಯುವ ಭಾಷೆಯಲ್ಲಿರತಕ್ಕದ್ದು.

3. ಸರಕಿನಿಂದ ಯಾವ ಅಪಾಯ ಒದಗಬಹುದು, ಅದನ್ನು ಹೇಗೆ ನಿವಾರಿಸಲಾಗಿದೆ ಎಂಬುದನ್ನು ತಯಾರಕನು ಬರೆದು 10 ವರ್ಷಗಳ ಕಾಲ ಕಾಪಾಡಬೇಕು.

4. ಅಪಾಯಕರವಾದ ಸರಕನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾದಾಗ ದುರಸ್ತಿ, ಬದಲಿ ಸರಕು, ಹಣದ ವಾಪಸು ಈ ಮೂರರಲ್ಲಿ ಸಾಮಾನ್ಯವಾಗಿ ಎರಡನ್ನಾದರೂ ಕೊಂಡವನ ಆಯ್ಕೆಗೆ ಬಿಡಬೇಕು.

ಮಕ್ಕಳ ಆಟಿಕೆಗಳಿಗೆ ನಿಯಮಗಳು ಇನ್ನೂ ಬಿಗಿಯಾಗಿವೆ. ಯೂರೋಪಿನಲ್ಲಿ ಅವುಗಳಿಗೆ ಸಿಇ ಗುರುತು ಬೇಕು. ಮೂರು ವರ್ಷಕ್ಕಿಂತ ಚಿಕ್ಕ ಮಕ್ಕಳ ಆಟಿಕೆಯಲ್ಲಿ ಗಂಟಲಿಗೆ ಸಿಕ್ಕುವಂತಹ ಬಿಡಿ ಭಾಗವಿರಕೂಡದು. ಅಮೆರಿಕದಲ್ಲಿ ಆಟಿಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದು. ಆಲೆಮರಕ್ಕೆ ಅರಗಿನ ಬಣ್ಣವನ್ನೇರಿಸುವ ಕುಶಲಕರ್ಮಿಯು ಅಗ್ಗದ ಪೇಟೆ ಬಣ್ಣಕ್ಕೆ ಮನಸೋತರೆ ಕಸುಬಿನ ಕೀರ್ತಿಯೂ ಹೋಗುವುದು, ಮಗುವಿಗೂ ಕೇಡಾಗುವುದು.

ಹಾಳೆಯ ತಟ್ಟೆಯ ಪಾಠ

ಅಮೆರಿಕದ ಆಹಾರ ಮತ್ತು ಔಷಧ ಆಡಳಿತದವರು 2025ರ ಮೇ ತಿಂಗಳಲ್ಲಿ ಅಡಿಕೆ ಹಾಳೆಯ ತಟ್ಟೆಗಳನ್ನು ಊಟಕ್ಕಾಗಿ ಮಾರಕೂಡದೆಂದು ಪ್ರಕಟಿಸಿದರು. ಹಾಳೆಯಲ್ಲಿ ಸ್ವಾಭಾವಿಕವಾಗಿಯೇ ಇರುವ ಆಲ್ಕಲಾಯ್ಡ್ ಎಂಬ ಸತ್ವಗಳು ಆಹಾರಕ್ಕೆ ಇಳಿಯಬಹುದೆಂಬುದು ಅವರು ಕೊಟ್ಟ ಕಾರಣ. ಅಡಿಕೆ ಸೀಮೆಯ ಅನೇಕ ಕುಟುಂಬಗಳಿಗೆ ತಟ್ಟೆಯ ಯಂತ್ರವೇ ಉಪಜೀವನವಾಗಿರುವುದರಿಂದ ಈ ಸುದ್ದಿಯು ಕಳವಳವನ್ನುಂಟುಮಾಡಿತು. ಹಿರಿಯರು ಉಂಡರು, ಮರದಿಂದ ಬಂದದ್ದು ಎಂಬ ಮಾತು ಪ್ರಯೋಗಶಾಲೆಯ ವರದಿಗೆ ಬದಲಾಗಲಾರದೆಂಬುದು ಇದರಿಂದ ವಿಶದವಾಗುತ್ತದೆ. ಸಾಲಮಾಡಿ ಹೊಸ ಯಂತ್ರವನ್ನು ಕೊಳ್ಳುವವರು ಯಾವ ದೇಶದಲ್ಲಿ ಆ ಸರಕಿಗೆ ಅನುಮತಿಯಿದೆಯೆಂಬುದನ್ನು ಮೊದಲೇ ವಿಚಾರಿಸುವುದು ಲೇಸು.

ಮೆಣಸಿನಕಾಯಿ: ಕಣದಲ್ಲಿಯೇ ಎಚ್ಚರಿಕೆ

ಆಹಾರ ಪದಾರ್ಥಗಳಲ್ಲಿ ದೋಷವು ಬಹುಮಟ್ಟಿಗೆ ಹೊಲದಲ್ಲಿಯೂ ಕಣದಲ್ಲಿಯೂ ಹುಟ್ಟುವುದು. ಒದ್ದೆಯಾದ ಮೆಣಸಿನಕಾಯಿಯ ಮೇಲೆ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಬಿಡುತ್ತದೆ. ಇದು ಪಿತ್ತಜನಕಾಂಗಕ್ಕೆ ಹಾನಿಕರವಾದದ್ದು. ಅಡಿಗೆಯ ಕಾವಿನಿಂದ ಪೂರ್ಣವಾಗಿ ನಾಶವಾಗುವುದಿಲ್ಲ. ಯೂರೋಪಿನಲ್ಲಿ ಒಣ ಮೆಣಸಿನಕಾಯಿಯ ಒಂದು ಕಿಲೋಗ್ರಾಂನಲ್ಲಿ ಈ ವಿಷವು ಒಟ್ಟು 10 ಮೈಕ್ರೋಗ್ರಾಂ ಮೀರಬಾರದೆಂದು ವಿಧಿಸಿದೆ. ಅದರಲ್ಲಿಯೂ ಬಿ-1 ಎಂಬ ಬಗೆಯು 5ನ್ನು ಮೀರಕೂಡದು. ಒಟ್ಟು ಮಿತಿಯೆಂದರೆ 100 ಟನ್ ಕಾಯಿಗೆ ಒಂದೇ ಗ್ರಾಂ ವಿಷ! ಆದುದರಿಂದ ಬೂಷ್ಟು ಹಿಡಿದ ಒಂದು ಹಿಡಿ ಕಾಯಿಯು ಪುಡಿಯಲ್ಲಿ ಬೆರೆತು ಒಂದು ಚೀಲವನ್ನೆಲ್ಲ ಕೆಡಿಸಬಲ್ಲದು.

ಇದಕ್ಕೆ ಪರಿಹಾರವು ರೈತನ ಕೈಯಲ್ಲಿಯೇ ಇದೆ. ಕಾಯಿಯನ್ನು ಬರಿಯ ನೆಲದ ಮೇಲೆ ಹರಡದೆ, ಶುಚಿಯಾದ ಟಾರ್ಪಾಲಿನ ಮೇಲಾಗಲಿ ಸಿಮೆಂಟಿನ ಕಣದಲ್ಲಾಗಲಿ ತೆಳ್ಳಗೆ ಹರಡಿ, ಆಗಾಗ್ಗೆ ಮಗುಚಬೇಕು. ಸಂಜೆ ರಾಶಿಮಾಡಿ ಇಬ್ಬನಿ ತಾಗದಂತೆ ಹೊದಿಸಬೇಕು. ಬಿಳಿಚಿದ, ಹುಳು ಕೊರೆದ, ಬಿರಿದ ಕಾಯಿಗಳನ್ನು ಆರಿಸಿ ಬಿಸುಡಬೇಕು. ಅಲುಗಿಸಿದಾಗ ಬೀಜವು ಗಲಗಲನೆ ಸದ್ದು ಮಾಡುವವರೆಗೆ ಒಣಗಿಸಬೇಕು. ತೇವವು ಶೇಕಡ 11ನ್ನು ಮೀರಬಾರದು. ಚೀಲಗಳನ್ನು ಗೋಡೆಗೆ ತಾಗಿಸದೆ ಹಲಗೆಗಳ ಮೇಲೆ ಇಡುವುದು. ತೂಕಕ್ಕಾಗಿ ನೀರು ಚಿಮುಕಿಸುವವನು ಬೂಷ್ಟಿಗೆ ತಾನೇ ಬಿತ್ತನೆ ಮಾಡಿದಂತೆ.

ಬಣ್ಣದ ಬೆರಕೆಯೂ ಘೋರವಾದದ್ದೇ. ಸೂಡಾನ್ ಎಂಬ ಕೃತಕ ಬಣ್ಣವು ಮೆಣಸಿನಪುಡಿಯಲ್ಲಿ ಕಂಡುಬಂದುದರಿಂದ, 2003ರಲ್ಲಿ ಯೂರೋಪಿನವರು ಆ ಬಣ್ಣವಿಲ್ಲವೆಂಬ ಪರೀಕ್ಷಾ ಪತ್ರವನ್ನು ಕಡ್ಡಾಯಮಾಡಿದರು. ಸ್ವಭಾವತಃ ಕೆಂಪಾದ ಬ್ಯಾಡಗಿ ಕಾಯಿಗೆ ಇಂತಹ ಲೇಪವು ಸರ್ವಥಾ ಅನಾವಶ್ಯಕ.

ಅಮೆರಿಕಕ್ಕೆ ಆಹಾರವನ್ನು ಮಾರುವವರು ತಯಾರಿಸುವ ಹಾಗೂ ಕಟ್ಟುವ ಸ್ಥಳವನ್ನು ಆ ದೇಶದ ಆಹಾರ ಮತ್ತು ಔಷಧ ಆಡಳಿತದಲ್ಲಿ ನೋಂದಾಯಿಸಿ, ಸರಕು ತಲಪುವುದಕ್ಕೆ ಮುಂಚೆ ಸೂಚನೆ ಕೊಡಬೇಕು. ಮನೆಯಲ್ಲಿ ಮಾಡಿದ ತಿನಿಸನ್ನು ನೆಂಟರಿಗೆ ಸ್ವಂತ ಉಡುಗೊರೆಯಾಗಿ ಕಳುಹಿಸುವವರಿಗೆ ಈ ಮುನ್ಸೂಚನೆಯಿಂದ ವಿನಾಯಿತಿಯುಂಟು. ಆದರೆ ಮಾರಾಟದ ಸರಕಿಗೆ ಉಡುಗೊರೆಯೆಂದು ಸುಳ್ಳು ಚೀಟಿ ಬರೆಯುವುದು ಅಪರಾಧ. ನಮ್ಮ ದೇಶದಲ್ಲಿಯೂ ರಫ್ತುದಾರನಿಗೆ ಆಮದು-ರಫ್ತು ಸಂಕೇತ ಸಂಖ್ಯೆಯೂ, ಸಂಬಾರ ಪದಾರ್ಥಗಳಿಗೆ ಸಾಂಬಾರ ಮಂಡಲಿಯ ನೋಂದಣಿಯೂ ಬೇಕು.

ಗ್ರಾಮದ ಮುಖಂಡರ ಕರ್ತವ್ಯ

ಒಬ್ಬೊಬ್ಬ ಸಣ್ಣ ಮಾರಾಟಗಾರನಿಗೆ ಪರೀಕ್ಷೆಯ ವೆಚ್ಚವೂ ವಿದೇಶದ ಪ್ರತಿನಿಧಿಯ ವೆಚ್ಚವೂ ಭಾರವಾಗುವುದು. ಹತ್ತು ಮನೆಯವರು ಸಂಘವಾಗಿ ಕೂಡಿದರೆ ಅದೇ ವೆಚ್ಚವು ಹಂಚಿಹೋಗುತ್ತದೆ. ಭೂಮಾಲೀಕರು ತಮ್ಮ ಸಿಮೆಂಟಿನ ಕಣವನ್ನೂ ಉಗ್ರಾಣವನ್ನೂ ಅಕ್ಕಪಕ್ಕದವರಿಗೆ ಒದಗಿಸಬಹುದು. ಪ್ರತಿಯೊಂದು ತಂಡದ ಸರಕಿಗೂ ಸಂಖ್ಯೆಯನ್ನು ಕೊಟ್ಟು, ಯಾವ ಹೊಲದ್ದು, ಎಂದು ಒಣಗಿಸಿದ್ದು, ಯಾರಿಗೆ ಕಳುಹಿಸಿದ್ದು ಎಂಬುದನ್ನು ಪುಸ್ತಕದಲ್ಲಿ ಬರೆದಿಡುವಂತೆ ಮುಖಂಡರು ಏರ್ಪಡಿಸಬೇಕು. ಲೆಕ್ಕವಿದ್ದರೆ ಕೆಟ್ಟ ತಂಡವೊಂದನ್ನೇ ಹಿಂದಕ್ಕೆ ತರಿಸಬಹುದು. ಇಲ್ಲವಾದರೆ ಒಳ್ಳೆಯ ಸರಕೂ ಅದರೊಡನೆ ನಷ್ಟವಾಗುವುದು. ಒಬ್ಬನ ಅಜಾಗರೂಕತೆಯಿಂದ ಊರಿನ ಹೆಸರಿಗೇ ಕಳಂಕ ಬರುವುದರಿಂದ, ಈ ಕಾವಲು ಊರಿನವರೆಲ್ಲರ ಕೆಲಸವೆಂದು ತಿಳಿಯತಕ್ಕದ್ದು.