ಚಿಕಿತ್ಸೆಯ ವೆಚ್ಚ: ಸೌಕಾರ್‌ಪೇಟೆಯ ಪಕ್ಕದ ಪಾಠ

ಚೆನ್ನೈನ ಸೌಕಾರ್‌ಪೇಟೆಯ ಮಿಂಟ್ ಸ್ಟ್ರೀಟ್ ಹಿಡಿದು ಉತ್ತರಕ್ಕೆ ನಡೆದರೆ ಹಳೆ ಜೈಲು ರಸ್ತೆ, ಅಲ್ಲೇ ಸರ್ಕಾರಿ ಸ್ಟಾನ್ಲಿ ಆಸ್ಪತ್ರೆ. ಇಲ್ಲಿ ಕೊಡುವ ಮಾತ್ರೆಯ ಪಟ್ಟಿಯ ಮೇಲೆ ‘ತಮಿಳುನಾಡು ಸರ್ಕಾರದ ಸರಬರಾಜು, ಮಾರಾಟಕ್ಕಲ್ಲ’ ಎಂಬರ್ಥದ ಮುದ್ರೆ ಇರುತ್ತದೆ. ಇದರ ಹಿಂದಿರುವುದು 1994ರಲ್ಲಿ ಸ್ಥಾಪನೆಯಾದ ತಮಿಳುನಾಡು ವೈದ್ಯಕೀಯ ಸೇವಾ ನಿಗಮ. ಇಡೀ ರಾಜ್ಯದ ಸರ್ಕಾರಿ ಆಸ್ಪತ್ರೆಗಳಿಗೆ ಬೇಕಾದ ಔಷಧಗಳನ್ನು ಅದು ಜನೆರಿಕ್ ಹೆಸರಿನಲ್ಲಿ ಒಟ್ಟಿಗೇ ಟೆಂಡರ್ ಕರೆದು ಕೊಳ್ಳುತ್ತದೆ. ಗುಣಮಟ್ಟ ಪರೀಕ್ಷಿಸಿ ಜಿಲ್ಲಾ ಗೋದಾಮುಗಳಿಂದ ಹಂಚುತ್ತದೆ. ಆಸ್ಪತ್ರೆಗಳು ಪಾಸ್‌ಬುಕ್ ತೋರಿಸಿ ತಮ್ಮ ಪಾಲನ್ನು ಪಡೆಯುತ್ತವೆ. ದೊಡ್ಡ ಗಿರಾಕಿಗೆ ಚೌಕಾಸಿ ಸುಲಭ, ಅಷ್ಟೇ ಗುಟ್ಟು.

ಒಬ್ಬಂಟಿ ರೋಗಿಗೆ ಆ ಬಲವಿಲ್ಲ. ವೈದ್ಯರು ಬರೆದ ಬ್ರ್ಯಾಂಡನ್ನೇ ಕೊಳ್ಳಬೇಕು, ಪರೀಕ್ಷೆ ಬೇಕೋ ಬೇಡವೋ ತಿಳಿಯದು. ವೆಚ್ಚ ಏರಲು ಇದೂ ಒಂದು ಕಾರಣ. ಬೆಲೆ ನಿಯಂತ್ರಣಕ್ಕೆ 1997ರ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರವಿದೆ; 2017ರಲ್ಲಿ ಅದು ಔಷಧಲೇಪಿತ ಹೃದಯ ಸ್ಟೆಂಟಿಗೆ ಸುಮಾರು 30,000 ರೂಪಾಯಿಯ ಮಿತಿ ಹಾಕಿತು. ವಿಮಾ ಯೋಜನೆಗಳು ಒಳರೋಗಿಗೆ ಆಸರೆ. ದಿನದಿನದ ಮಾತ್ರೆಯ ಖರ್ಚನ್ನು ಅವು ಅಷ್ಟಾಗಿ ಇಳಿಸುವುದಿಲ್ಲ. ಆಸ್ಪತ್ರೆಗಳ ಹೊಣೆ ಮುಖ್ಯವಾಗಿ ರಾಜ್ಯದ್ದು: ಸಂವಿಧಾನದಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆಗಳು ರಾಜ್ಯಪಟ್ಟಿಯ ವಿಷಯ. ಇದಕ್ಕೆ ಸಂಬಂಧಿಸಿದ ನಿರ್ದೇಶಕ ತತ್ವ 47ನೇ ವಿಧಿಯಲ್ಲಿದೆ.

ನೆನಪಿಡಿ: ನಿಗಮದ ಸ್ಥಾಪನೆ 1994, ಕಾರ್ಯಾರಂಭ 1995. ಎರಡನ್ನೂ ಅದಲುಬದಲು ಮಾಡಬೇಡಿ.