ಹೆಬ್ಬೆಟ್ಟಿಗೆ ಮುಂಚೆ ಬೇಕಾದ ಧೈರ್ಯ

ಧೈರ್ಯವೆಂಬ ಮಾತು ಕಿವಿಗೆ ಬಿದ್ದ ಕೂಡಲೆ ಈ ಸೀಮೆಯವರಾದ ನಮಗೆ ಸುರಪುರದ ರಾಜಾ ವೆಂಕಟಪ್ಪ ನಾಯಕನ ನೆನಪು ಬರುವದು. ಅವನು 1858ರಲ್ಲಿ ಇಂಗ್ಲಿಷರ ದಂಡನ್ನು ಎದುರಿಸಿ, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕಿದನು. ಬಾಲ್ಯದಿಂದ ಅವನನ್ನು ಬಲ್ಲ ಮೆಡೋಸ್ ಟೇಲರ್ ಸಾಹೇಬರನ್ನು ಅವನು ಅಪ್ಪಾ ಎಂದು ಕರೆಯುತ್ತಿದ್ದನು. ಸೆರೆಯಲ್ಲಿ ಅವನನ್ನು ಕಂಡು ಮಾತಾಡಿದ ಸಂಗತಿಯನ್ನು ಸಾಹೇಬರು ತಮ್ಮ ಆತ್ಮಚರಿತ್ರೆಯಲ್ಲಿ ಬರೆದಿದ್ದಾರೆ. ರಾಜನು ಜೀವದಾನವನ್ನು ಬೇಡಲಿಲ್ಲ. ಕಳ್ಳನಂತೆ ನೇಣಿಗೆ ಹಾಕುವದು ಬೇಡ, ತೋಪಿನ ಬಾಯಿಗೆ ಕಟ್ಟಿರಿ ಎಂದನು. ಜೊತೆಯವರನ್ನು ಹಿಡಿದುಕೊಡಲು ಅವನು ಒಪ್ಪಲಿಲ್ಲವೆಂಬದನ್ನು ನಮ್ಮ ಹಿರಿಯರು ಇಂದಿಗೂ ಹೇಳುತ್ತಾರೆ.

ಅವನ ಯುದ್ಧಕ್ಕಿಂತ ಸೆರೆಯೊಳಗಿನ ಆ ಮುಚ್ಚಿದ ಬಾಯಿಯೇ ನಮಗೆ ಹೆಚ್ಚು ಆಶ್ಚರ್ಯವಾಗಿ ಕಾಣುವದು. ರಣದಲ್ಲಿ ನಗಾರಿಯ ಸದ್ದುಂಟು, ಹೆಗಲಿಗೆ ಹೆಗಲು ಕೊಡುವ ಜನರುಂಟು. ಸೆರೆಯಲ್ಲಿ ನೋಡುವವರಿಲ್ಲ, ಹೊಗಳುವವರಿಲ್ಲ. ನಮ್ಮ ನಿಮ್ಮ ದಿನಗಳಿಗೆ ಬೇಕಾದದ್ದು ಈ ಎರಡನೆಯ ಧೈರ್ಯವೇ. ಆದರೆ ಅವನು ಬಾಯಿ ಮುಚ್ಚಿಕೊಳ್ಳಬೇಕಾಗಿತ್ತು; ನಾವಾದರೋ ಬಾಯಿ ತೆರೆಯಬೇಕಾಗಿದೆ.

ಹೇಗಂದರೆ, 2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯಲ್ಲಿ ಓದುಬರಹ ಬಲ್ಲವರು ನೂರಕ್ಕೆ ಸುಮಾರು 52 ಮಂದಿ; ಹೆಂಗಸರಲ್ಲಿ ಸುಮಾರು 41. ರಾಜ್ಯದ ಎಲ್ಲಾ ಜಿಲ್ಲೆಗಳಲ್ಲಿ ಇದೇ ಕಡಿಮೆ. ಮಳೆ ಕೈಕೊಟ್ಟ ವರುಷ ಶಹಾಪುರ, ಸುರಪುರದ ಹಳ್ಳಿಗಳಿಂದ ಜನರು ಬೆಂಗಳೂರಿಗೂ ಪುಣೆಗೂ ಗುಳೆ ಹೋಗುತ್ತಾರೆ. ಹೊರಡುವದಕ್ಕೆ ಮೊದಲು ಮೇಸ್ತ್ರಿಯು ಮುಂಗಡ ಹಣ ಕೊಟ್ಟು ಒಂದು ಕಾಗದವನ್ನು ಮುಂದಿಡುವನು. ಅದರಲ್ಲಿ ಬರೆದದ್ದು ಐದು ಸಾವಿರವೋ ಹದಿನೈದು ಸಾವಿರವೋ ತಿಳಿಯದೆ ನಾವು ಹೆಬ್ಬೆಟ್ಟು ಒತ್ತಿ ಬರುತ್ತೇವೆ.

ಓದಿ ಹೇಳಿರೆಂದು ಕೇಳಲು ಅಂಜಿಕೆ ಯಾಕೆ? ಮೇಸ್ತ್ರಿ ನಕ್ಕಾನೆಂಬದು ಒಂದು. ಆ ಮುಂಗಡವನ್ನು ನಮ್ಮನ್ನು ಬಿಟ್ಟು ಬೇರೊಬ್ಬರಿಗೆ ಕೊಟ್ಟಾನೆಂಬದು ಇನ್ನೊಂದು. ಮೊದಲನೆಯದು ಬರಿಯ ನಾಚಿಕೆ. ಎರಡನೆಯದು ಹುಸಿಯಲ್ಲ, ಅದರ ಹಿಂದೆ ಮಕ್ಕಳ ರೊಟ್ಟಿ ಇದೆ. ಆದದರಿಂದ ಅಂಜುವವರನ್ನು ಹೇಡಿಗಳೆಂದು ಗದರಿಸುವ ಬೋಧಕರ ಮಾತಿಗೆ ನಾವು ಒಪ್ಪುವದಿಲ್ಲ. ಹೊಟ್ಟೆ ತುಂಬಿದವನು ಧೈರ್ಯವನ್ನು ಬೋಧಿಸುವದು ಸುಲಭ.

ಮುಂಗಡದ ಸಾಲಕ್ಕಾಗಿ ಆಳನ್ನು ಜೀತಕ್ಕೆ ಹಿಡಿಯುವದನ್ನು 1976ರ ಕಾನೂನು ನಿಷೇಧಿಸಿದೆ. ಅಂಥ ಜೀತದ ಸಾಲವನ್ನೇ ಅಳಿಸಿಹಾಕಿದೆ, ಕಾಗದದ ಮೇಲೆ ಹೆಬ್ಬೆಟ್ಟು ಇದ್ದರೂ ಸರಿಯೇ. ಹೆಂಗಸರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ತಾಲೂಕು ಕಾನೂನು ಸೇವಾ ಸಮಿತಿಯಿಂದ ವಕೀಲರ ಸಹಾಯವು ಪುಕ್ಕಟೆಯಾಗಿ ದೊರೆಯುವದು. ಇದನ್ನು ತಿಳಿದವರೂ ಮೇಸ್ತ್ರಿಯ ಮುಂದೆ ತಲೆ ತಗ್ಗಿಸಿ ನಿಂತದ್ದನ್ನು ನಾವು ಕಂಡಿದ್ದೇವೆ. ತಿಳುವಳಿಕೆ ಬೇರೆ, ನಾಲಿಗೆ ಏಳುವದು ಬೇರೆ.

ನಾಲಿಗೆಗೂ ರೂಢಿ ಬೇಕು. ನಷ್ಟವು ಸ್ವಲ್ಪವಿರುವ ಕಡೆಯಲ್ಲಿ ಮೊದಲು ಕೇಳಿ ನೋಡಿರಿ. ಯಾದಗಿರಿಯ ಬಸ್ಸಿನಲ್ಲಿ ಉಳಿದ ಚಿಲ್ಲರೆಯನ್ನು ಕೇಳಿರಿ; ನ್ಯಾಯಬೆಲೆ ಅಂಗಡಿಯಲ್ಲಿ ತಕ್ಕಡಿಯ ಮುಳ್ಳನ್ನು ನೋಡಿ, ತೂಕ ಎಷ್ಟಾಯಿತೆಂದು ವಿಚಾರಿಸಿರಿ. ಮೊದಲನೆಯ ಸಾರಿ ಎದೆ ಡವಡವ ಹೊಡೆದುಕೊಳ್ಳುವದು, ಹೊಡೆದುಕೊಳ್ಳಲಿ. ದೊಡ್ಡ ಕೆಲಸಕ್ಕೆ ಒಬ್ಬರೇ ಹೋಗಬೇಡಿರಿ; ನೆರೆಯವಳನ್ನು ಜೊತೆಗೆ ಕರೆದುಕೊಂಡು ಹೋಗುವದು ಬಲಹೀನತೆಯಲ್ಲ. ಆದಿತ್ಯವಾರ ಆರಾಧನೆ ಮುಗಿದ ಮೇಲೆ ಯಾರ ಬಳಿ ಕಾಗದವಿದೆಯೋ ಅವರು ಅದನ್ನು ತರಲಿ. ಶಾಲೆಗೆ ಹೋಗುವ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಲಿ. ಹಿರಿಯರು ಕೂತು ಕೇಳಲಿ. ಅರ್ಧ ತಾಸು ಸಾಕು.

ಹೀಗೆ ರೂಢಿಯಾದ ತಾಯಿಯೊಬ್ಬಳು ಮುಂದಿನ ಸಾರಿ ಮಸಿಯ ಡಬ್ಬಿ ಹತ್ತಿರ ಬಂದಾಗ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ದನಿ ನಡುಗಿದರೂ ಸರಿಯೇ, ಇಷ್ಟನ್ನು ಕೇಳಲಿ: "ಅಣ್ಣಾ, ಇದರಾಗ ಏನದ, ಮೊದಲ ಓದಿ ಹೇಳ್ರಿ."